‘ಏಟು ಬೀಳಲ್ವಾ?’

ಊರಿಗೆ ವಾಪಸ್ ಬಂದ ಹೊಸದರಲ್ಲಿ ನನ್ನ ಆಟದ ಬ್ಯಾಗನ್ನು ತಾರಸಿಗೆ ಹೊತ್ತುಕೊಂಡು ಹೋಗಿ, ಒಂದೊಂದೇ ಸಾಮಾನು ತೆಗೆದು ಬಿಸಿಲಿಗೆ ಹರವಿದ್ದೆ. ಹೆಲ್ಮೆಟ್ಟು, ಭುಜದ ಪ್ಯಾಡು, ಮೊಣಕಾಲಿನ ಗಾರ್ಡು, ಗ್ಲೌಸು. ಅದೇ ದಿನ ಅಮ್ಮ ಪಕ್ಕದಲ್ಲೇ ಸಂಡಿಗೆ ಇಟ್ಟಿದ್ದರು. ಹತ್ತು ನಿಮಿಷ ಆಗಿಲ್ಲ, ಸೆರಗಿನಿಂದ ಮೂಗು ಮುಚ್ಚಿಕೊಂಡು ಕೆಳಗೆ ಬಂದರು. “ಏನೋ ಅದು, ಒಳಗೆ ಇಲಿ ಗಿಲಿ ಸತ್ತಿದೆಯಾ? ನನ್ನ ಸಂಡಿಗೆ ಹಾಳಾಯ್ತು.”

ಇಲಿ ಅಲ್ಲ. ಹನ್ನೊಂದು ವರ್ಷದ ಬೆವರು. ಐಸ್ ಹಾಕಿ ಆಡುವವರ ಬ್ಯಾಗು ಎಲ್ಲಿದ್ದರೂ ಹಾಗೇ ನಾರುತ್ತದೆ.

ಆ ಬ್ಯಾಗು ಈಗ ಸರಸ್ವತೀಪುರಂ ಮನೆಯ ಅಟ್ಟದಲ್ಲಿದೆ. ಹೊರಗೆ ಕೋಲು ಮಾತ್ರ ಕಾಣುತ್ತದೆ. ಅದನ್ನು ನೋಡಿದವರೆಲ್ಲ ಕೇಳುವುದು ಒಂದೇ ಪ್ರಶ್ನೆ. “ಈ ವಯಸ್ಸಲ್ಲಿ ಅದನ್ನೆಲ್ಲ ಆಡ್ತಿದ್ದೆಯಾ? ಏಟು ಬೀಳಲ್ವಾ?” ಚಿಕ್ಕಪ್ಪ ಕೇಳಿದರು. ಕುಕ್ಕರಹಳ್ಳಿ ಕೆರೆ ಏರಿ ಮೇಲೆ ವಾಕಿಂಗ್ ಬರುವ ಮೇಷ್ಟ್ರು ಕೇಳಿದರು. ಹಲ್ಲಿನ ಡಾಕ್ಟರಂತೂ ಬಹಳ ಆಸೆಯಿಂದ ಕೇಳಿದರು.

ಮೊದಲು ಸಣ್ಣ ಉತ್ತರ. ಬೀಳುತ್ತೆ.

ಇನ್ನು ದೊಡ್ಡ ಉತ್ತರ. ನಾನು ಇದ್ದದ್ದು ಕೆನಡಾದಲ್ಲಿ, ಟೊರಾಂಟೊ ಪಕ್ಕದ ಮಿಸಿಸಾಗದಲ್ಲಿ. ಮೈಸೂರಿನಲ್ಲಿ ‘ಐಸ್ ಹಾಕಿ’ ಅಂದರೆ ಕಬ್ಬಿನ ಹಾಲಿನವನು ಹಾಕಿಬಿಡುತ್ತಾನೆ, ಅಷ್ಟೇ ನನಗಿದ್ದ ಅನುಭವ. 35ನೇ ವಯಸ್ಸಿನಲ್ಲಿ ಸ್ಕೇಟಿಂಗ್ ಕಲಿಯಲು ಹೋದೆ. ಆರು ವರ್ಷದ ಮಕ್ಕಳು ನನ್ನ ಅಕ್ಕಪಕ್ಕ ಸುಯ್ಯನೆ ಹೋಗುತ್ತಿದ್ದರು. ನಾನು ಗೋಡೆ ಹಿಡಿದುಕೊಂಡು ನಡೆಯುತ್ತಿದ್ದೆ. ಒಂದೂವರೆ ವರ್ಷ ಆದ ಮೇಲೆ ದೊಡ್ಡವರ ಲೀಗಿನ ಅತ್ಯಂತ ಕೆಳಗಿನ ದರ್ಜೆಯ ಒಂದು ತಂಡ ನನ್ನನ್ನು ಸೇರಿಸಿಕೊಂಡಿತು. ಆ ತಂಡಕ್ಕೆ ಜನ ಸಿಗುತ್ತಿರಲಿಲ್ಲ, ಅದೂ ಒಂದು ಕಾರಣ.

ಅಲ್ಲಿ ಇಂಥ ಲೀಗುಗಳಿಗೆ ತಮಾಷೆಗೆ ಬಿಯರ್ ಲೀಗ್ ಅನ್ನುತ್ತಾರೆ. ಸಂಜೆಯ ಒಳ್ಳೆ ಸಮಯವೆಲ್ಲ ಮಕ್ಕಳಿಗೆ. ನಮಗೆ ಸಿಗುತ್ತಿದ್ದದ್ದು ರಾತ್ರಿ ಹತ್ತೂವರೆ, ಹನ್ನೊಂದು. ಬೆಳಗ್ಗೆ ಎದ್ದು ಆಫೀಸಿಗೆ ಹೋಗಬೇಕಾದವರೇ ಎಲ್ಲ. ಟಿವಿಯಲ್ಲಿ ತೋರಿಸುವ ಹಾಗೆ ಮೈಗೆ ಮೈ ಗುದ್ದಿ ಗೋಡೆಗೆ ಒತ್ತುವುದು ಇಲ್ಲಿ ಫೌಲ್. ಆದರೂ ಚೆಂಡಿನ ಬದಲು ಇರುವ ಪಕ್ ಅನ್ನುವುದು ಗಟ್ಟಿ ರಬ್ಬರಿನ ಬಿಲ್ಲೆ, ಸುಮಾರು 170 ಗ್ರಾಂ. ಕಾಲಲ್ಲಿ ಕತ್ತಿಯಂಥ ಬ್ಲೇಡು. ಕೆಳಗೆ ಕಲ್ಲಿನಂಥ ಐಸು. ಏಟು ಬೀಳದೆ ಇನ್ನೇನು?

ನನಗೆ ಬಿದ್ದದ್ದು 2019ರ ಚಳಿಗಾಲದಲ್ಲಿ. ಯಾರೂ ಗುದ್ದಲಿಲ್ಲ. ನನ್ನ ಕೋಲೇ ನನ್ನ ಕಾಲಿಗೆ ಸಿಕ್ಕಿ ಹಿಂದಕ್ಕೆ ಬಿದ್ದೆ, ತಲೆ ಐಸಿಗೆ ಬಡಿಯಿತು. ಎಚ್ಚರ ತಪ್ಪಲಿಲ್ಲ. ಎದ್ದು ಬೆಂಚಿಗೆ ಬಂದು ಕೂತೆ. “ಏನಿಲ್ಲ, ಸರಿಯಾಗಿದ್ದೀನಿ” ಅಂದೆ. ಮುಂದಿನ ಸರದಿಗೆ ಎದ್ದೆ. ಅಷ್ಟರಲ್ಲಿ ಆಟದ ಮೂರು ಭಾಗಗಳಲ್ಲಿ ಎರಡನೆಯದು ಮುಗಿದು ನಮ್ಮ ಗೋಲಿ ಬೆಂಚಿನ ಹತ್ತಿರ ಬಂದ. (ಗೋಲ್‌ಕೀಪರನ್ನು ಅಲ್ಲಿ ಕರೆಯುವುದೇ ಗೋಲಿ ಅಂತ. ನಮ್ಮ ಗೋಲಿ ಆಟದ ಗೋಲಿ ಅಲ್ಲ.) 58 ವರ್ಷದ ಪ್ಲಂಬರ್ ಅವನು. “ಸ್ಕೋರ್ ಎಷ್ಟು ಹೇಳು” ಅಂದ. ಎರಡು-ಒಂದು ಅಂದೆ. ನಾಲ್ಕು-ಒಂದು ಆಗಿತ್ತು. ಅವನು ಒಂದೂ ಮಾತಾಡಲಿಲ್ಲ. ಬಗ್ಗಿ ನನ್ನ ಸ್ಕೇಟಿನ ಲೇಸು ಬಿಚ್ಚತೊಡಗಿದ. ಅಷ್ಟು ದಪ್ಪ ಪ್ಯಾಡು ಕಟ್ಟಿಕೊಂಡು ಬಗ್ಗುವುದು ಸುಲಭ ಅಲ್ಲ, ಏದುಸಿರು ಬಿಡುತ್ತಿದ್ದ. ಎರಡೂ ಕಾಲಿನದು ಬಿಚ್ಚಿ, ಲೇಸುಗಳನ್ನು ಪೂರ್ತಿ ಎಳೆದು ತೆಗೆದು ತನ್ನ ಜೇಬಿಗೆ, ಅಂದರೆ ಚಡ್ಡಿಯೊಳಕ್ಕೆ, ತುರುಕಿಕೊಂಡು ಮತ್ತೆ ಗೋಲ್ ಕಾಯಲು ಹೋದ.

ನನಗೆ ಸಿಟ್ಟು ಬಂತು. ಅವಮಾನವೂ ಆಯಿತು. ಮನೆಗೆ ಬರುವಾಗ ಕಾರಿನಲ್ಲಿ ವಾಂತಿಯಾಯಿತು. ಕಾರು ಓಡಿಸುತ್ತಿದ್ದವನೂ ಅವನೇ.

ಹೆಲ್ಮೆಟ್ ಹಾಕಿದ್ದೆಯಲ್ಲ ಅನ್ನುತ್ತೀರಿ. ಹೆಲ್ಮೆಟ್ ಬುರುಡೆ ಒಡೆಯದ ಹಾಗೆ ಕಾಪಾಡುತ್ತದೆ. ಒಳಗಿನ ಮಿದುಳು ಅಲ್ಲಾಡುವುದನ್ನು ಪೂರ್ತಿ ತಡೆಯಲು ಅದಕ್ಕೆ ಆಗುವುದಿಲ್ಲ. ಗಿಟುಕು ಕಾಯಿ ಅಲ್ಲಾಡಿಸಿದರೆ ಒಳಗೆ ಕೊಬ್ಬರಿ ಲೊಟಲೊಟ ಅನ್ನುತ್ತದಲ್ಲ, ಹೊರಗೆ ಚಿಪ್ಪಿಗೆ ಏನೂ ಆಗಿರುವುದಿಲ್ಲ. ಹಾಗೆ. ಇದಕ್ಕೆ ಕನ್ಕಷನ್ ಅನ್ನುತ್ತಾರೆ. ಪ್ರಜ್ಞೆ ತಪ್ಪಲೇಬೇಕು ಅಂತಿಲ್ಲ. ತಲೆನೋವು, ಬೆಳಕು ಚುಚ್ಚುವುದು, ಮರೆವು, ಸುಮ್ಮಸುಮ್ಮನೆ ರೇಗುವುದು. ಕೆಲವು ಸಲ ಇದೆಲ್ಲ ಶುರುವಾಗುವುದೇ ಗಂಟೆಗಳಾದ ಮೇಲೆ. ಮೊದಲ ಒಂದೆರಡು ದಿನ ವಿಶ್ರಾಂತಿ, ಆಮೇಲೆ ನಡಿಗೆ, ಆಮೇಲೆ ಒಬ್ಬನೇ ಸ್ಕೇಟಿಂಗ್. ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಹೋಗಿ, ಡಾಕ್ಟರು ಒಪ್ಪಿದ ಮೇಲೆ ಆಟ. ಮೊದಲ ಪೆಟ್ಟು ವಾಸಿಯಾಗುವ ಮುಂಚೆ ಎರಡನೆಯದು ಬಿದ್ದರೆ ಪ್ರಾಣಕ್ಕೇ ಬರಬಹುದು. ಒಟ್ಟಾವಾದಲ್ಲಿ ರೋವನ್ ಸ್ಟ್ರಿಂಗರ್ ಎಂಬ 17 ವರ್ಷದ ಹುಡುಗಿ 2013ರಲ್ಲಿ ತೀರಿಕೊಂಡಳು. ರಗ್ಬಿ ಆಡುವಾಗ ಕೆಲವೇ ದಿನಗಳಲ್ಲಿ ಮತ್ತೆ ಮತ್ತೆ ತಲೆಗೆ ಏಟು ಬಿದ್ದಿತ್ತು. ಅವಳ ಹೆಸರಿನಲ್ಲೇ ಒಂಟಾರಿಯೊ ಪ್ರಾಂತ್ಯ 2018ರಲ್ಲಿ ಕಾನೂನು ಮಾಡಿತು. ಕನ್ಕಷನ್ ಅನುಮಾನ ಬಂದರೆ ಆಟಗಾರರನ್ನು ತಕ್ಷಣ ಹೊರಗೆ ಕೂರಿಸಬೇಕು.

ಆದರೆ ಆ ಕಾನೂನು 26 ವರ್ಷದೊಳಗಿನ ಆಟಗಾರರಿಗೆ. ನನಗಾಗ 41. ನಮ್ಮ ವಯಸ್ಸಿನವರನ್ನು ಯಾವ ಕೋಚು ತಡೆಯುತ್ತಾನೆ? ಕೋಚೇ ಇರಲಿಲ್ಲ. ನನಗೆ ಇದ್ದದ್ದು ಲೇಸು ಕಿತ್ತುಕೊಳ್ಳುವ ಒಬ್ಬ ಪ್ಲಂಬರ್.

2023ರ ಅಕ್ಟೋಬರಿನಲ್ಲಿ ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಆಡಮ್ ಜಾನ್ಸನ್ ಎಂಬ ವೃತ್ತಿ ಆಟಗಾರ ಎದುರಾಳಿಯ ಸ್ಕೇಟ್ ಕುತ್ತಿಗೆಗೆ ತಗುಲಿ ಸತ್ತ. ಮುಂದಿನ ಶುಕ್ರವಾರ ನಮ್ಮ ಬಟ್ಟೆ ಬದಲಿಸುವ ರೂಮಿನಲ್ಲಿ ಯಾರೂ ಜೋರಾಗಿ ಮಾತಾಡಲಿಲ್ಲ. ಕುತ್ತಿಗೆಯ ಗಾರ್ಡ್ ಅಂದರೆ ಅಲ್ಲಿಯವರೆಗೆ ಚಿಕ್ಕ ಮಕ್ಕಳ ಸಾಮಾನು ಅಂತ ನಗುತ್ತಿದ್ದವರು ನಾವು. ಒಬ್ಬ ತನ್ನ ಮಗನದನ್ನೇ ತಂದು, ಬಿಗಿಯಾದರೂ ಹಾಕಿಕೊಂಡ. ಯಾರೂ ನಗಲಿಲ್ಲ. ಒಬ್ಬ ಹಾಕಿದ, ಇನ್ನೊಬ್ಬ ಹಾಕಿದ. ನಾನು ಹೋದ ಅಂಗಡಿಯಲ್ಲಿ ಆ ವಾರ ಖಾಲಿಯಾಗಿತ್ತು.

ನಿಜ ಹೇಳಬೇಕೆಂದರೆ ನನಗೆ ಜಾಸ್ತಿ ಭಯ ಇದ್ದದ್ದು ತಲೆ, ಕುತ್ತಿಗೆಯ ಬಗ್ಗೆ ಅಲ್ಲ. ಎದೆಯ ಬಗ್ಗೆ. ವಾರವಿಡೀ ಕುರ್ಚಿಯಲ್ಲಿ ಕೂತವರು ಶುಕ್ರವಾರ ರಾತ್ರಿ ಮುಕ್ಕಾಲು ನಿಮಿಷ ಪ್ರಾಣ ಬಿಟ್ಟು ಓಡಿ, ಕೂತು, ಮತ್ತೆ ಓಡುವ ಆಟ ಇದು. ಅದಕ್ಕೇ ಅಲ್ಲಿ ಅಂಗಳದ ಗೋಡೆಗೆ ಎದೆಗೆ ಶಾಕ್ ಕೊಡುವ ಪೆಟ್ಟಿಗೆ ನೇತುಹಾಕಿರುತ್ತಾರೆ. ತೆರೆದರೆ ಅದೇ ಮಾತಾಡಿ ಏನು ಮಾಡಬೇಕು ಅಂತ ಹೇಳುತ್ತದೆ. ಹೃದಯ ನಿಂತ ಮೇಲೆ ಏನೂ ಮಾಡದೆ ಕಳೆಯುವ ಒಂದೊಂದು ನಿಮಿಷಕ್ಕೂ ಬದುಕುವ ಸಾಧ್ಯತೆ ಶೇಕಡಾ 7ರಿಂದ 10ರಷ್ಟು ಇಳಿಯುತ್ತದೆ. ನಮ್ಮ ತಂಡದಲ್ಲಿ ಅದು ಬೇಕಾಗಲಿಲ್ಲ. ಪೆಟ್ಟಿಗೆ ಎಲ್ಲಿದೆ ಅಂತ ಮಾತ್ರ ಹೊಸಬರಿಗೆ ಮೊದಲ ದಿನವೇ ತೋರಿಸುತ್ತಿದ್ದೆವು, ಟಾಯ್ಲೆಟ್ ತೋರಿಸುವ ಹಾಗೆ.

ಈಗ ಹೇಳಲು ಇಷ್ಟವಿಲ್ಲದ ಒಂದು ವಿಷಯ. ನಮ್ಮ ತಂಡದಲ್ಲಿ ಒಬ್ಬ ಡಿಫೆಂಡರ್ ಇದ್ದ. ಮಾತು ಕಮ್ಮಿ. ಬೆಂಚಿನಲ್ಲಿ ಮೂರು ವರ್ಷ ನನ್ನ ಪಕ್ಕವೇ ಕೂತಿದ್ದಾನೆ. ಒಂದು ಸೀಸನ್ನಿನಲ್ಲಿ ಬರುವುದನ್ನು ನಿಲ್ಲಿಸಿದ. ಫೋನಿನಲ್ಲಿ ಪ್ರತಿ ವಾರ ‘ಬರಲ್ಲ’ ಅಂತ ಗುರುತು ಹಾಕುತ್ತಿದ್ದ, ಅಷ್ಟೇ. ನಾವೇನು ಮಾಡಿದೆವು? ಅವನ ಜಾಗಕ್ಕೆ ಬೇರೆಯವನನ್ನು ಹುಡುಕಿಕೊಂಡೆವು. ಹೊಸಬ ಚೆನ್ನಾಗಿ ಆಡುತ್ತಿದ್ದ, ಎರಡು ಪಂದ್ಯ ಗೆದ್ದೆವು ಕೂಡ. ಐದನೇ ವಾರ ಗೋಲಿಯೇ ಅವನ ಮನೆ ಹುಡುಕಿಕೊಂಡು ಹೋದ. ಕೆಲಸ ಹೋಗಿ ನಾಲ್ಕು ತಿಂಗಳಾಗಿತ್ತಂತೆ. ಹೆಂಡತಿ ಮಕ್ಕಳನ್ನು ಕರೆದುಕೊಂಡು ತವರಿಗೆ ಹೋಗಿದ್ದಳು. ಲೀಗಿನ ಫೀ ಕಟ್ಟಲು ದುಡ್ಡಿಲ್ಲ ಅಂತ ಹೇಳಿಕೊಳ್ಳಲು ನಾಚಿಕೆ. ದಿನಗಟ್ಟಲೆ ಮನೆಯಿಂದ ಹೊರಗೇ ಬಂದಿರಲಿಲ್ಲ.

ನನ್ನ ಮನೆಗೂ ಅವನ ಮನೆಗೂ ಕಾರಿನಲ್ಲಿ ಎಂಟು ನಿಮಿಷ. ನಾನು ಒಂದು ಫೋನೂ ಮಾಡಿರಲಿಲ್ಲ. ಮೂರು ವರ್ಷ ಪಕ್ಕದಲ್ಲಿ ಕೂತು ಅವನ ಮಕ್ಕಳ ಹೆಸರೂ ಕೇಳಿರಲಿಲ್ಲ.

ಅವನ ಫೀ ಯಾರೋ ಕಟ್ಟಿದರು. ಯಾರು ಅಂತ ಕೇಳಬಾರದು ಅಂತ ಗೋಲಿ ಹೇಳಿದ. ಆಮೇಲೆ ಒಂದು ಪದ್ಧತಿ ಬಂತು. ಎರಡು ವಾರ ಯಾರಾದರೂ ಬರದಿದ್ದರೆ ಫೋನ್ ಮಾಡಬೇಕು. ಮೆಸೇಜು ಲೆಕ್ಕಕ್ಕಿಲ್ಲ, ದನಿ ಕೇಳಬೇಕು. ಬರಹದಲ್ಲಿ ‘ಚೆನ್ನಾಗಿದ್ದೀನಿ’ ಅನ್ನುವುದು ಬಹಳ ಸುಲಭ ಅಲ್ವಾ.

ಇದನ್ನು ಅಲ್ಲಿಂದ ಕಲಿತೆ ಅಂತ ಹೇಳಿದರೆ ನನ್ನ ತಾತ ನಗುತ್ತಿದ್ದರು. ಮೈಸೂರಿನ ಗರಡಿಗೆ ಹೋಗುತ್ತಿದ್ದವರು ಅವರು. ಹುಡುಗ ಎರಡು ದಿನ ಕಾಣದಿದ್ದರೆ ಉಸ್ತಾದರು ಮನೆಗೇ ಆಳು ಕಳಿಸುತ್ತಿದ್ದರಂತೆ. ವಯಸ್ಸಾದವರು ಆಡುವುದೂ ಕೊಡಗಿನವರಿಗೆ ಹೊಸದಲ್ಲ. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡದಲ್ಲಿ ಶುರು ಮಾಡಿದ ಕೊಡವ ಕುಟುಂಬಗಳ ಹಾಕಿ ಹಬ್ಬದಲ್ಲಿ ಮೊದಲ ವರ್ಷ 60 ತಂಡಗಳಿದ್ದವು, 2024ರಲ್ಲಿ ನಾಪೋಕ್ಲಿನಲ್ಲಿ 360. ಒಂದೇ ತಂಡದಲ್ಲಿ ಅಜ್ಜನೂ ಮೊಮ್ಮಗಳೂ ಆಡಬಹುದು. ಅಲ್ಲಿ ‘ಈ ವಯಸ್ಸಲ್ಲಿ ಬೇಕಿತ್ತಾ’ ಅಂತ ಯಾರೂ ಕೇಳುವುದಿಲ್ಲ.

ಮೈಸೂರಿನಲ್ಲಿ ಈಗ ನಾನು ಆಡುತ್ತಿರುವುದೂ ಅಂಥದ್ದೇ ಒಂದು ತಂಡದಲ್ಲಿ, ನಾಲ್ವರು ಕೊಡಗಿನವರು, ಬ್ಯಾಂಕಿನವರು, ಒಬ್ಬರು ನರ್ಸ್, ಇಬ್ಬರು ಮೇಷ್ಟ್ರ ಜೊತೆ. ಭಾನುವಾರ ಬೆಳಗ್ಗೆ ಆರಕ್ಕೆ, ಮಣ್ಣಿನ ಮೈದಾನದಲ್ಲಿ, ಮಾಮೂಲಿ ಹಾಕಿ. ಗೋಡೆಗೆ ಪೆಟ್ಟಿಗೆ ಇರಲಿ, ಗೋಡೆಯೇ ಇಲ್ಲ. ಅದಕ್ಕೆ ನರ್ಸಮ್ಮ ಒಂದು ಭಾನುವಾರ ಆಟ ನಿಲ್ಲಿಸಿ, ಮನೆಯಿಂದ ತಂದ ಲೋಡು ದಿಂಬನ್ನು ನೆಲದ ಮೇಲೆ ಮಲಗಿಸಿ, ಎದೆ ಒತ್ತುವುದು ಹೇಗೆ ಅಂತ ಹೇಳಿಕೊಟ್ಟರು. ನಿಮಿಷಕ್ಕೆ 100ರಿಂದ 120 ಸಲ, ಜೋರಾಗಿ. ಒಬ್ಬರು ಒತ್ತುವಾಗ ಇನ್ನೊಬ್ಬರು 108ಕ್ಕೆ ಫೋನ್ ಮಾಡಬೇಕು. ಎರಡೇ ನಿಮಿಷಕ್ಕೆ ನನ್ನ ತೋಳು ಬಿದ್ದುಹೋಯಿತು. “ದಿಂಬು ಉಳೀತು, ನೀವು ಹೋದ್ರಿ” ಅಂದರು ನರ್ಸಮ್ಮ.

ಫೋನಿನ ಪದ್ಧತಿಯನ್ನೂ ಇಲ್ಲಿ ಹೇಳಿದೆ. ಮೊದಲು ಎಲ್ಲರೂ ನಕ್ಕರು. ನಾನೇ ಶುರು ಮಾಡಿದೆ. ಬ್ಯಾಂಕಿನಿಂದ ರಿಟೈರ್ ಆದ ನಮ್ಮ ಹಿರಿಯರು ಹೋದ ತಿಂಗಳು ಎರಡು ವಾರ ಬರಲಿಲ್ಲ. ಹೆಂಡತಿ ತೀರಿಕೊಂಡ ಮೇಲೆ ಕುವೆಂಪುನಗರದ ಮನೆಯಲ್ಲಿ ಅವರೊಬ್ಬರೇ. ಫೋನ್ ಮಾಡಿದೆ. ನಾಲ್ಕು ಸಲ ರಿಂಗಾಗಿ ನಿಂತಿತು. ಮತ್ತೆ ಮಾಡಿದೆ. ಆ ಹೊತ್ತಿನಲ್ಲಿ ನಾನು ಚಪ್ಪಲಿ ಹಾಕಿಕೊಂಡು, ಸ್ಕೂಟರ್ ಕೀ ಹಿಡಿದು ಬಾಗಿಲಲ್ಲಿ ನಿಂತಿದ್ದೆ.

“ಏನಯ್ಯಾ ಬೆಳಿಗ್ಗೆ ಬೆಳಿಗ್ಗೆ,” ಅಂದರು. “ಮಂಡ್ಯದಲ್ಲಿ ಮಗಳ ಮನೇಲಿದ್ದೀನಿ. ಅವರೆಕಾಳು ಬಿಡಿಸ್ತಾ ಇದ್ದೆ, ಕೈ ಖಾಲಿ ಇರ್ಲಿಲ್ಲ. ಯಾಕೆ, ನಾನಿಲ್ದೆ ಸೋತ್ರಾ?”

“ಸೋತ್ವಿ ಸಾರ್” ಅಂದೆ. ಎರಡು ವಾರವೂ ಗೆದ್ದಿದ್ದೆವು.