ಯಾವ ದಿನದ ಕಾನೂನು, ಯಾವ ಊರಿನ ಕಾನೂನು?

ಕಾನೂನು ಪುಸ್ತಕಗಳನ್ನು ಎಕ್ಸ್‌ಎಂಎಲ್ ರೂಪಕ್ಕೆ, ಅಂದರೆ ಯಾವ ಭಾಗ ಏನು ಎಂದು ಕಂಪ್ಯೂಟರಿಗೆ ತಿಳಿಯುವಂತೆ ಟ್ಯಾಗ್ ಎಂಬ ಗುರುತು ಹಾಕಿದ ರೂಪಕ್ಕೆ ತರುವುದು ನನ್ನ ಕೆಲಸ. ಕಾಸರಗೋಡಿನಲ್ಲಿ ಕೂತು ಮಾಡುತ್ತೇನೆ. ಹೊಸಬರು ತಂಡಕ್ಕೆ ಬಂದಾಗ ಮೊದಲು ಟ್ಯಾಗ್‌ಗಳ ಪಟ್ಟಿ ಕೇಳುತ್ತಾರೆ. ಅಧ್ಯಾಯಕ್ಕೆ ಯಾವ ಟ್ಯಾಗ್, ಸೆಕ್ಷನ್‌ಗೆ ಯಾವುದು ಅಂತ. ಅದು ಬೇಗ ಬರುತ್ತದೆ. ನಾನು ಮೊದಲು ಅವರ ಕೈಗೆ ಕೊಡುವುದು 1951ರ ಮದ್ರಾಸ್ ಹಿಂದೂ ಧಾರ್ಮಿಕ ಮತ್ತು ಧರ್ಮಾದಾಯ ದತ್ತಿ ಕಾಯ್ದೆ. ಅದನ್ನು ಸರಿಯಾಗಿ ಗುರುತು ಮಾಡಲು ಬಂದರೆ ಉಳಿದದ್ದೆಲ್ಲ ಬಂದ ಹಾಗೆ.

1951ರಲ್ಲಿ ಕಾಸರಗೋಡು, ಮಂಗಳೂರು, ಉಡುಪಿ ಎಲ್ಲವೂ ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದವು. ದೇವಸ್ಥಾನಗಳಿಗೆಲ್ಲ ಒಂದೇ ಕಾಯ್ದೆ. 1956ರ ನವೆಂಬರ್ 1ಕ್ಕೆ ಕಾಸರಗೋಡು ತಾಲೂಕು ಕೇರಳಕ್ಕೆ ಸೇರಿತು, ಮಂಗಳೂರು, ಉಡುಪಿ ಕಡೆಯದು ಮೈಸೂರು ರಾಜ್ಯಕ್ಕೆ. ರಾಜ್ಯ ಬದಲಾದ ಕೂಡಲೇ ಕಾನೂನು ಬದಲಾಗುವುದಿಲ್ಲ. ಹಳೇ ಕಾಯ್ದೆ ಆಯಾ ಜಾಗದಲ್ಲಿ ಮುಂದುವರಿಯಿತು. ಮದ್ರಾಸಿನವರು 1959ರಲ್ಲಿ ತಮಗೆ ಹೊಸದು ಮಾಡಿಕೊಂಡರು. ಗಡಿಯ ತಲಪಾಡಿಯ ಆಚೆ, ಕರ್ನಾಟಕದ 1997ರ ಕಾಯ್ದೆ 2003ರಲ್ಲಿ ಜಾರಿಗೆ ಬರುವ ತನಕ ಇದೇ ಇತ್ತು. ಈಚೆ ನಮ್ಮಲ್ಲಿ ಇವತ್ತಿಗೂ ಇದೆ. 2008ರಲ್ಲಿ ದೇವಸ್ಥಾನಗಳನ್ನು ನೋಡಿಕೊಳ್ಳುವ ಮಲಬಾರ್ ದೇವಸ್ವಂ ಬೋರ್ಡ್ ಬಂದದ್ದು ಇದೇ ಮದ್ರಾಸ್ ಕಾಯ್ದೆಗೆ ಕೇರಳ ಮಾಡಿದ ತಿದ್ದುಪಡಿಯಿಂದ.

ಈಗ ಯಾರಾದರೂ "1951ರ ಕಾಯ್ದೆ ಕೊಡಿ" ಎಂದರೆ ಯಾವುದನ್ನು ಕೊಡುವುದು?

ವರ್ಡ್ ಫೈಲಿನಲ್ಲಿ ಈ ಪ್ರಶ್ನೆಗೆ ಉತ್ತರ ಇಡಲು ಜಾಗವೇ ಇಲ್ಲ. ಅಕ್ಷರ ದಪ್ಪ ಇದೆ, ಸಾಲು ಅಂಚಿನಿಂದ ಸ್ವಲ್ಪ ಒಳಗಿದೆ, ಅಷ್ಟು ಮಾತ್ರ ಅದಕ್ಕೆ ಗೊತ್ತು. ಪಿಡಿಎಫ್ ಆದರೂ ಅಷ್ಟೇ. ಅಕೋಮ ಎನ್ಟೋಸೊ ಎಂಬ, ಕಾನೂನು ಪಠ್ಯಕ್ಕೆ ಟ್ಯಾಗ್ ಹಾಕುವ ಪದ್ಧತಿ ಇದನ್ನು ಬೇರೆ ಥರ ನೋಡುತ್ತದೆ. ಆಫ್ರಿಕದ ಪಾರ್ಲಿಮೆಂಟುಗಳಿಗಾಗಿ ವಿಶ್ವಸಂಸ್ಥೆಯ ಯೋಜನೆಯೊಂದರಲ್ಲಿ ಹುಟ್ಟಿದ್ದು ಅದು. 2018ರಲ್ಲಿ ಇಂಥ ಪದ್ಧತಿಗಳಿಗೆ ಮಾನದಂಡ ರೂಪಿಸುವ ಓಯಸಿಸ್ ಸಂಸ್ಥೆ ಅದನ್ನು ಸ್ಟ್ಯಾಂಡರ್ಡ್ ಎಂದು ಪ್ರಕಟಿಸಿತು. ಅದರಲ್ಲಿ ಕಾಯ್ದೆ ಎಂಬುದು ಒಂದು, ಇಂಥ ದಿನಕ್ಕೆ ಇಂಥ ಭಾಷೆಯಲ್ಲಿ ಇದ್ದ ಅದರ ಪಠ್ಯ ಇನ್ನೊಂದು, ಆ ಪಠ್ಯದ ಫೈಲು ಮತ್ತೊಂದು. ಮೂರಕ್ಕೂ ಬೇರೆ ಬೇರೆ ಗುರುತು. ಪ್ರತಿ ಸೆಕ್ಷನ್‌ಗೂ ಅದು ಎಂದಿನಿಂದ ಎಂದಿನವರೆಗೆ ಜಾರಿಯಲ್ಲಿತ್ತು ಎಂದು ಬರೆಯಬಹುದು. ಯಾವ ಪ್ರದೇಶಕ್ಕೆ ಅನ್ವಯ ಎಂಬುದನ್ನೂ ಹೇಳಬಹುದು. ಕಾಸರಗೋಡಿನವರಿಗೆ ಇದು ಸಣ್ಣ ಸೌಕರ್ಯ ಅಲ್ಲ.

ಇದನ್ನು ನನಗೆ ಚೆನ್ನಾಗಿ ಅರ್ಥ ಮಾಡಿಸಿದವರು ಒಬ್ಬರು ಹಿರಿಯ ವಕೀಲರ ಗುಮಾಸ್ತರು. ಭೂಸುಧಾರಣೆ ಕಾಯ್ದೆಯ "ಈಗಿನ ಪ್ರತಿ" ಬೇಕು ಎಂದು ಕೇಳಿದೆ. ಅವರು ಹೇಳಿದರು: "ಯಾವ ಈಗ ಮಾರಾಯ್ರೇ? ಕೇಸು ಹಾಕಿದ ದಿನದ್ದಾ, ಜಾಗ ಬರೆದುಕೊಟ್ಟ ದಿನದ್ದಾ?" ಅವರ ಪುಸ್ತಕದಲ್ಲಿ ಪುಟಪುಟಕ್ಕೂ ತಿದ್ದುಪಡಿ ಚೀಟಿಗಳು ಅಂಟಿದ್ದವು. ಚೀಟಿಯ ಮೂಲೆಯಲ್ಲಿ ಗೆಜೆಟಿನ ತಾರೀಖು. ಚೀಟಿ ಎತ್ತಿದರೆ ಕೆಳಗೆ ಹಳೇ ಸಾಲು ಹಾಗೇ ಇದೆ, ಅಳಿಸಿಲ್ಲ. ನಾವು ಎಕ್ಸ್‌ಎಂಎಲ್‌ನಲ್ಲಿ ಮಾಡಬೇಕಾದದ್ದೂ ಅದೇ. ಅಂಥ ಪುಸ್ತಕ ಇಟ್ಟುಕೊಂಡವರನ್ನು ಬಿಟ್ಟು ಬರೀ ಸಾಫ್ಟ್‌ವೇರ್‌ನವರೇ ಕೂತು ವಿನ್ಯಾಸ ಮಾಡಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಕೆಲವೊಮ್ಮೆ ಚೀಟಿಯೂ ಇರುವುದಿಲ್ಲ. 1954ರಲ್ಲಿ ಉಡುಪಿಯ ಶಿರೂರು ಮಠದ ಕೇಸಿನಲ್ಲಿ ಸುಪ್ರೀಂ ಕೋರ್ಟು ಇದೇ 1951ರ ಕಾಯ್ದೆಯ ಕೆಲವು ಸೆಕ್ಷನ್‌ಗಳು ಸಂವಿಧಾನಕ್ಕೆ ವಿರುದ್ಧ ಎಂದಿತು. ತೀರ್ಪು ಬಂದ ಮಾತ್ರಕ್ಕೆ ಪುಸ್ತಕದ ಅಕ್ಷರ ಅಳಿಯಲಿಲ್ಲ, ಬಲ ಹೋಯಿತು ಅಷ್ಟೇ. ಇಂಥ ಕಡೆ ಪಠ್ಯವನ್ನು ಮುಟ್ಟಬಾರದು. ಪಕ್ಕದಲ್ಲಿ ಗುರುತು ಹಾಕಿ ತೀರ್ಪಿಗೆ ಜೋಡಿಸಬೇಕು.

ಎಲ್ಲಕ್ಕಿಂತ ಜಾಸ್ತಿ ತಲೆ ತಿನ್ನುವುದು ಪ್ರೊವೈಸೋ, ಅಂದರೆ "ಆದರೆ" ಎಂದು ಶುರುವಾಗುವ ಸಾಲು. ಎ, ಬಿ, ಸಿ ಎಂದು ಮೂರು ಉಪವಾಕ್ಯ ಇರುತ್ತವೆ, ಕೊನೆಗೆ ಒಂದು "ಆದರೆ". ಅದು "ಸಿ" ಉಪವಾಕ್ಯಕ್ಕೆ ಮಾತ್ರವಾ, ಇಡೀ ಸೆಕ್ಷನ್‌ಗಾ? ಅಚ್ಚಿನಲ್ಲಿ ಅಸ್ಪಷ್ಟವಾಗಿ ಬಿಡಬಹುದು. ಎಕ್ಸ್‌ಎಂಎಲ್‌ನಲ್ಲಿ ಅದನ್ನು ಯಾವುದಾದರೂ ಒಂದರ ಒಳಗೆ ಇಡಲೇಬೇಕು. ಇಟ್ಟ ಕೂಡಲೇ ಕಾನೂನಿಗೆ ನಾವೇ ಅರ್ಥ ಹೇಳಿದ ಹಾಗಾಯಿತು, ಅಲ್ವಾ? ಆ ಅಧಿಕಾರ ನಮಗೆ ಇಲ್ಲ. ಹಾಗಾಗಿ ನಮ್ಮಲ್ಲಿ ಒಂದು ಪದ್ಧತಿ ಇದೆ. ಅನುಮಾನ ಇದ್ದರೆ ಟಿಪ್ಪಣಿ ಹಾಕಿ, ವಕೀಲರು ನೋಡುವ ತನಕ ಆ ಸೆಕ್ಷನ್ ಮುಂದೆ ಹೋಗುವುದಿಲ್ಲ. ಕೆಲಸ ನಿಧಾನ ಆಗುತ್ತದೆ. ಆಗಲಿ.

ಫಾಂಟಿನ ಗೋಳು ಎಲ್ಲರಿಗೂ ಗೊತ್ತು. "ನುಡಿ" ತಂತ್ರಾಂಶದಲ್ಲಿ ಟೈಪ್ ಮಾಡಿದ ಹಳೇ ಫೈಲುಗಳನ್ನು ಯುನಿಕೋಡ್‌ಗೆ, ಅಂದರೆ ಎಲ್ಲ ಕಂಪ್ಯೂಟರಿಗೂ ಒಂದೇ ಆದ ಅಕ್ಷರ ಸಂಕೇತಕ್ಕೆ ತರಬೇಕು. ಮಲಯಾಳದಲ್ಲಿ ಚಿಲ್ಲಕ್ಷರಗಳಿಗೆ, ಅಂದರೆ ಸ್ವರ ಇಲ್ಲದ ಕೆಲವು ವ್ಯಂಜನಗಳ ವಿಶೇಷ ರೂಪಗಳಿಗೆ, 2008ರ ಯುನಿಕೋಡ್ 5.1ರಲ್ಲಿ ಪ್ರತ್ಯೇಕ ಸಂಕೇತ ಬಂತು. ಅದಕ್ಕೂ ಹಿಂದಿನ ಪಠ್ಯದಲ್ಲಿ ಅದೇ ಅಕ್ಷರ ಬೇರೆ ರೀತಿ ಕೂತಿರುತ್ತದೆ. ಕಣ್ಣಿಗೆ ಒಂದೇ, ಹುಡುಕಿದರೆ ಸಿಗದು. ಟ್ಯಾಗ್ ಹಾಕುವ ಮೊದಲೇ ಇದನ್ನು ಮುಗಿಸಿಕೊಳ್ಳಬೇಕು.

ಇಷ್ಟೆಲ್ಲ ಯಾಕೆ ಅಂದರೆ, ಕನ್ನಡಕ್ಕಾಗಿ. ಕೇರಳದ 1969ರ ಆಡಳಿತ ಭಾಷಾ ಕಾಯ್ದೆಯ ಪ್ರಕಾರ ಕನ್ನಡ, ತಮಿಳು ಅಲ್ಪಸಂಖ್ಯಾತರು ಸರಕಾರದ ಜೊತೆ ತಮ್ಮ ಭಾಷೆಯಲ್ಲೇ ಪತ್ರ ವ್ಯವಹಾರ ಮಾಡಬಹುದು. ಆದರೆ ಕಾನೂನು ಏನು ಹೇಳುತ್ತದೆ ಎಂದು ಕನ್ನಡದಲ್ಲಿ ಓದಿಕೊಳ್ಳದೆ ಪತ್ರದಲ್ಲಿ ಏನು ಬರೆಯುವುದು? ಅನುವಾದ ಒಮ್ಮೆ ಮಾಡಿದರೆ ಸಾಲದು. ಮುಂದಿನ ತಿದ್ದುಪಡಿಗೆ ಅದು ಹಳತಾಗುತ್ತದೆ, ಯಾವ ಸಾಲು ಹಳತಾಯಿತು ಎಂದು ಯಾರಿಗೂ ಗೊತ್ತಾಗುವುದಿಲ್ಲ. ಇಂಗ್ಲಿಷ್, ಮಲಯಾಳ, ಕನ್ನಡ ಮೂರರಲ್ಲೂ ಸೆಕ್ಷನ್‌ಗೆ ಒಂದೇ ಗುರುತು ಇದ್ದರೆ, ಮಲಯಾಳದ ಸೆಕ್ಷನ್ ಬದಲಾದ ದಿನವೇ ಕನ್ನಡದ್ದರ ಮೇಲೆ "ಹಳತು" ಎಂದು ತೋರಿಸಬಹುದು. ಅನುವಾದಕರು ಅಷ್ಟನ್ನೇ ತಿದ್ದಿದರೆ ಸಾಕು. ಇಡೀ ಪುಸ್ತಕ ಮತ್ತೆ ಶುರು ಮಾಡಬೇಕಾಗಿಲ್ಲ.

ನಾನು ಈಗ 1994ರ ಕೇರಳ ಪಂಚಾಯತ್ ರಾಜ್ ಕಾಯ್ದೆಯ 3 ಮತ್ತು 3ಎ ಸೆಕ್ಷನ್‌ಗಳನ್ನು ಹೀಗೆ ಮಾಡುತ್ತಿದ್ದೇನೆ. ಗ್ರಾಮಸಭೆ ಮತ್ತು ಅದರ ಅಧಿಕಾರದ ಬಗ್ಗೆ ಇರುವುದು ಅಲ್ಲೇ. 3ಎ ನಂತರ ಸೇರಿದ್ದು. ಗುರುತನ್ನು ಒಂದು, ಎರಡು, ಮೂರು ಎಂದು ಎಣಿಸಿ ಕೊಟ್ಟಿದ್ದರೆ ಅದರ ಮುಂದಿನದ್ದೆಲ್ಲ ಒಂದೊಂದು ಜಾರುತ್ತಿತ್ತು. ಕಾಯ್ದೆಯಲ್ಲಿ ಇರುವ ಸಂಖ್ಯೆಯನ್ನೇ ಗುರುತಾಗಿ ಇಡಬೇಕು. ಮಂಜೇಶ್ವರ, ಕುಂಬಳೆ, ಬದಿಯಡ್ಕ ಕಡೆ ಮಲಯಾಳ, ಕನ್ನಡ ಎರಡೂ ಓದಬಲ್ಲ, ಕಾನೂನಿನ ಭಾಷೆ ಗೊತ್ತಿರುವ ಯಾರಾದರೂ ಇದ್ದರೆ ಪಕ್ಕದಲ್ಲಿ ಕೂತು ಅನುವಾದ ನೋಡಿಕೊಡಿ. ಟ್ಯಾಗ್ ನಾನು ಹಾಕಿಕೊಳ್ಳುತ್ತೇನೆ.