‘ಪೂರ್ತಿ ತೆಗೆದುಬಿಡಿ ಸಿಸ್ಟರ್’ ಅನ್ನುವ ಮುಂಚೆ

ಕ್ಯಾನ್ಸರ್ ಸರ್ಜರಿ ಓಪಿಡಿಯಲ್ಲಿ ನರ್ಸ್ ಆಗಿದ್ದೇನೆ. ಸ್ತನ ಕ್ಯಾನ್ಸರ್ ಅಂತ ಬಯಾಪ್ಸಿ ರಿಪೋರ್ಟ್ ಬಂದ ದಿನ ಮಾತೆಲ್ಲ ಜೊತೆಗೆ ಬಂದವರದೇ. ‘ಪೂರ್ತಿ ತೆಗೆದುಬಿಡಿ ಸಿಸ್ಟರ್, ರಿಸ್ಕ್ ಬೇಡ.’ ಕಾಯಿಲೆ ಬಂದಾಕೆ ಸೆರಗು ಹಿಡಿದು ಸುಮ್ನೆ ಕೂತಿರುತ್ತಾರೆ.

ಪ್ರೀತಿಯಿಂದಲೇ ಹೇಳುತ್ತಾರೆ, ಗೊತ್ತು. ಆದರೆ ಶುರುವಿನಲ್ಲೇ ಸಿಕ್ಕ ಗಂಟಿಗೆ ಸ್ತನ ಪೂರ್ತಿ ತೆಗೆಸಿದರೆ ಆಯಸ್ಸು ಜಾಸ್ತಿ ಆಗುವುದಿಲ್ಲ. ಇಟಲಿಯ ಮಿಲಾನ್‌ನಲ್ಲಿ ವೆರೊನೇಸಿ, ಅಮೆರಿಕದಲ್ಲಿ ಫಿಶರ್ ಅನ್ನುವ ಸರ್ಜನ್‌ಗಳು 1970ರ ದಶಕದಲ್ಲೇ ಇದನ್ನು ಪರೀಕ್ಷೆಗೆ ಇಟ್ಟರು. 20 ವರ್ಷದ ಫಲಿತಾಂಶ 2002ರಲ್ಲಿ ಬಂತು. ಪೂರ್ತಿ ತೆಗೆಸಿದವರೂ, ಗಂಟಿದ್ದ ಭಾಗ ಮಾತ್ರ ತೆಗೆಸಿ ಸ್ತನ ಉಳಿಸಿಕೊಂಡವರೂ ಬದುಕಿದ್ದು ಒಂದೇ ಪ್ರಮಾಣದಲ್ಲಿ. ಆದರೆ ಫಿಶರ್ ಅಧ್ಯಯನದಲ್ಲಿ ಬರೀ ಗಂಟು ತೆಗೆಸಿಕೊಂಡವರಲ್ಲಿ ಸುಮಾರು 39% ಮಂದಿಗೆ ಅದೇ ಸ್ತನದಲ್ಲಿ ಮತ್ತೆ ಬಂತು, ರೇಡಿಯೇಷನ್ನೂ (ಜನ ಕರೆಂಟ್ ಅನ್ನುವುದು ಇದನ್ನೇ) ತಗೊಂಡವರಲ್ಲಿ ಸುಮಾರು 14% ಮಂದಿಗೆ. ಅಂದರೆ ಕರೆಂಟ್ ಕೊಡಿಸದೆ ಈ ದಾರಿ ಹಿಡಿಯುವ ಹಾಗಿಲ್ಲ ಅಲ್ವಾ.

ಹಾಗಾಗಿ ನಾನು ಮೊದಲು ಕೇಳುವುದು ಊರು ಯಾವುದು, ಇಲ್ಲಿ ಉಳಿದುಕೊಳ್ಳಲು ಯಾರಿದ್ದಾರೆ, ಮನೆಯಲ್ಲಿ ಮಕ್ಕಳನ್ನು ಯಾರು ನೋಡಿಕೊಳ್ಳುತ್ತಾರೆ ಅಂತ. ಕರೆಂಟ್‌ಗೆ ವಾರಕ್ಕೆ ಐದು ದಿನ ಬರಬೇಕು. ಮುಂಚೆ ಐದು ವಾರ ಹಿಡಿಯುತ್ತಿತ್ತು, ಈಗ ಬಹಳಷ್ಟು ಜನಕ್ಕೆ ಮೂರು ವಾರ, 15 ಸಿಟ್ಟಿಂಗ್ ಸಾಕು. ಪೂರ್ತಿ ತೆಗೆಸಿದರೆ ಕೀಮೋ, ಕರೆಂಟ್ ಎರಡೂ ತಪ್ಪುತ್ತದೆ ಅಂತ ಬರುವವರೂ ಇದ್ದಾರೆ. ತಪ್ಪಲೇಬೇಕೆಂದಿಲ್ಲ. ಕೀಮೋ ಬೇಕೋ ಬೇಡವೋ ಅನ್ನುವುದು ಕಾಯಿಲೆಯ ಗುಣ, ಹಂತ ನೋಡಿ ತೀರ್ಮಾನ ಆಗುತ್ತದೆ, ಎಷ್ಟು ಕೊಯ್ದರು ಅನ್ನುವುದರಿಂದಲ್ಲ. ಕಂಕುಳಿನ ಗ್ರಂಥಿಗಳಿಗೆ ಹರಡಿದ್ದರೆ ಪೂರ್ತಿ ತೆಗೆದ ಮೇಲೂ ಕರೆಂಟ್ ಬೇಕಾಗಬಹುದು.

ಇನ್ನೊಂದನ್ನು ಆಪರೇಷನ್‌ಗೆ ಮುಂಚೆಯೇ ಹೇಳಿಬಿಡುತ್ತೇನೆ. ಗಂಟನ್ನು ಸುತ್ತಲಿನ ಸ್ವಲ್ಪ ಒಳ್ಳೆಯ ಭಾಗದ ಸಮೇತ ತೆಗೆದು, ದಿಕ್ಕು ಗೊತ್ತಾಗಲಿ ಅಂತ ಡಾಕ್ಟರು ಅದಕ್ಕೆ ದಾರ ಕಟ್ಟುತ್ತಾರೆ, ಸಾಮಾನ್ಯವಾಗಿ ಗಿಡ್ಡ ದಾರ ಮೇಲ್ಭಾಗಕ್ಕೆ, ಉದ್ದದ್ದು ಹೊರಬದಿಗೆ. ಲ್ಯಾಬಿನವರು ಹೊರಮೈಗೆಲ್ಲ ಇಂಕು ಬಳಿದು ನೋಡುತ್ತಾರೆ. ಇಂಕಿನ ತನಕ ಕ್ಯಾನ್ಸರ್ ಕಣ ಬಂದಿದ್ದರೆ ಇನ್ನೊಮ್ಮೆ ಆಪರೇಷನ್ ಬೇಕಾಗಬಹುದು. ಮೊದಲೇ ಗೊತ್ತಿದ್ದರೆ ಮನೆಯವರು ಅಷ್ಟು ಕುಸಿಯುವುದಿಲ್ಲ.

ಸ್ತನ ಉಳಿಸಿಕೊಳ್ಳುವುದು ಎಲ್ಲರಿಗೂ ಆಗುವುದಿಲ್ಲ. ಸ್ತನದ ತುಂಬ ಹರಡಿದ್ದರೆ, ಎದೆಗೆ ಮುಂಚೆಯೇ ರೇಡಿಯೇಷನ್ ಆಗಿದ್ದರೆ ಕಷ್ಟ. ಗಂಟು ದೊಡ್ಡದಿದ್ದರೆ ಕೆಲವರಿಗೆ ಮೊದಲು ಕೀಮೋ ಕೊಟ್ಟು ಕುಗ್ಗಿಸುತ್ತಾರೆ. ಆಗ ಕೀಮೋಗೆ ಮುಂಚೆ ಗಂಟಿನೊಳಗೆ ಕ್ಲಿಪ್ (ಗುರುತಿಗೆ ಇಡುವ ಸಣ್ಣ ಲೋಹದ ಚೂರು) ಹಾಕಿದ್ದಾರಾ ಅಂತ ಕೇಳಿಕೊಳ್ಳಿ, ಗಂಟು ಪೂರ್ತಿ ಕರಗಿಬಿಟ್ಟರೆ ಜಾಗ ಹುಡುಕುವುದು ಅದರಿಂದಲೇ.

ಇಷ್ಟು ಹೇಳಿ, ಜೊತೆಗಿದ್ದವರನ್ನು ಹೊರಗೆ ಕೂರಿಸಿ, ಆಕೆಯನ್ನೇ ಕೇಳುತ್ತೇನೆ. ಕೆಲವರು ‘ತೆಗೆಸಿಬಿಡ್ತೀನಮ್ಮ’ ಅನ್ನುತ್ತಾರೆ. ಸರಿ, ಹಾಗೇ ಡಾಕ್ಟರಿಗೆ ತಿಳಿಸುತ್ತೇನೆ. ಕೆಲವರು ‘ಕರೆಂಟ್ ಕೊಡೋ ದಿನ ಮಗು ಸ್ಕೂಲಿಂದ ಬರೋದ್ರೊಳಗೆ ಮನೆ ಸೇರಬಹುದಾ’ ಅಂತ ಕೇಳುತ್ತಾರೆ. ಬೆಳಗಿನ ಸ್ಲಾಟ್ ಕೇಳೋಣ, ಒಳಗೆ ಕೆಲವೇ ನಿಮಿಷ, ಹೊರಗೆ ಕಾಯುವುದೇ ಜಾಸ್ತಿ ಅನ್ನುತ್ತೇನೆ.