ಸಿಗ್ನಲ್ ಇಲ್ಲದ ಸಾಲುಗಳನ್ನು ಅಳಿಸಬೇಡಿ

ಡ್ರೈವ್ ಟೆಸ್ಟ್ (ಗಾಡಿಯಲ್ಲಿ ಸುತ್ತಿ ಮೊಬೈಲ್ ಸಿಗ್ನಲ್ ಅಳೆಯುವ ಕೆಲಸ) ಮುಗಿಸಿ ತಂದ ಫೈಲನ್ನು, ಕವರೇಜ್ ನಕ್ಷೆಗಾಗಿ, ನಕ್ಷೆ ತಂತ್ರಾಂಶವಾದ ಕ್ಯೂಜಿಐಎಸ್‌ಗೆ ಹಾಕುವ ಮುಂಚೆ ಸ್ಪ್ರೆಡ್‌ಶೀಟಿನಲ್ಲಿ ತೆರೆದು, ಆರ್‌ಎಸ್‌ಆರ್‌ಪಿ ಕಾಲಂ ಅನ್ನು (ಫೋನಿಗೆ ಬರುವ ಸಿಗ್ನಲ್ಲಿನ ಬಲ; ಸೊನ್ನೆಗೆ ಹತ್ತಿರವಾದಷ್ಟೂ ಹೆಚ್ಚು) ಮೇಲಿಂದ ಕೆಳಗೆ ಕಣ್ಣಾಡಿಸಿ. -97, -101, -108, -114, -119, ಆಮೇಲೆ ನಲವತ್ತು ಸಾಲು ಖಾಲಿ, ಮತ್ತೆ -117, -110. ಸೆಕೆಂಡಿಗೊಂದು ಸಾಲು, ಗಾಡಿಯ ವೇಗ ಗಂಟೆಗೆ 36 ಕಿ.ಮೀ. ಎಂದರೆ ಆ ಖಾಲಿ ಜಾಗ ನೆಲದ ಮೇಲೆ 400 ಮೀಟರ್. ಕವರೇಜ್ ಗಡಿ ಇರುವುದು ಅಲ್ಲೇ.

ಫೋನಿಗೆ ನೆಟ್‌ವರ್ಕ್ ಸಿಗದಿದ್ದಾಗ ಅಳೆಯಲು ಏನೂ ಇರುವುದಿಲ್ಲ. ಲಾಗ್ ಆ್ಯಪ್ ಸಮಯ, ಅಕ್ಷಾಂಶ, ರೇಖಾಂಶ ಬರೆದು ಸಿಗ್ನಲ್ಲಿನ ಜಾಗವನ್ನು ಹಾಗೇ ಬಿಡುತ್ತದೆ. ಕಚೇರಿಯಲ್ಲಿ ಕೂತವರು ಡೇಟಾ ಸ್ವಚ್ಛ ಮಾಡುತ್ತೇನೆಂದು ಖಾಲಿ ಸಾಲುಗಳನ್ನು ತೆಗೆದರೆ, ಅಳೆದ ಬಿಂದುಗಳ ನಡುವಿನ ಬೆಲೆಯನ್ನು ಅಂದಾಜಿಸುವ ಇಂಟರ್‌ಪೊಲೇಶನ್ ಆಚೆಯ -119ಕ್ಕೂ ಈಚೆಯ -117ಕ್ಕೂ ಗಂಟು ಹಾಕಿ, ಸಿಗ್ನಲ್ಲೇ ಇಲ್ಲದ ಊರಿಗೆ ಹಳದಿ ಬಣ್ಣ ಬಳಿಯುತ್ತದೆ. ಅದಕ್ಕಿಂತ ಕೆಟ್ಟದ್ದು ಖಾಲಿ ಜಾಗಕ್ಕೆ ಸೊನ್ನೆ ತುಂಬುವುದು. 4ಜಿಯಲ್ಲಿ ಆರ್‌ಎಸ್‌ಆರ್‌ಪಿ ವರದಿಯಾಗುವ ವ್ಯಾಪ್ತಿ -140ರಿಂದ -44 ಡಿಬಿಎಂ. ಸೊನ್ನೆ ಎಂದರೆ ಟವರಿನ ಬುಡದಲ್ಲಿ ನಿಂತರೂ ಬಾರದಷ್ಟು ಬಲ. ನಕ್ಷೆಯಲ್ಲಿ ಆ ಊರು ಕಡುಹಸಿರಾಗಿ ಹೊಳೆಯುತ್ತದೆ.

ಹಾಗಾಗಿ ಮೊದಲ ಕೆಲಸ, ‘ಸೇವೆ’ ಎಂಬ ಹೊಸ ಕಾಲಂ. ಸಿಗ್ನಲ್ ಇದ್ದರೆ 1, ಖಾಲಿ ಇದ್ದರೆ 0. ಖಾಲಿ ಜಾಗಕ್ಕೆ -140 ತುಂಬಿ ಅಲ್ಲಿಗೇ ಮುಗಿಸುವವರೂ ಇದ್ದಾರೆ, ಅದು ಬೇಡ. ಆ ಸಂಖ್ಯೆ ಹತ್ತಿರದ ಬಿಂದುಗಳಿಗೆ ಹೆಚ್ಚು ತೂಕ ಕೊಡುವ ಐಡಿಡಬ್ಲ್ಯು ಇಂಟರ್‌ಪೊಲೇಶನ್ ಲೆಕ್ಕಕ್ಕೆ ಹೋದರೆ ಪಕ್ಕದ ಒಳ್ಳೆಯ ಬಿಂದುಗಳನ್ನೂ ಕೆಳಕ್ಕೆ ಜಗ್ಗುತ್ತದೆ. ಇಲ್ಲದಿರುವುದನ್ನು ಇಲ್ಲವೆಂದೇ ಬರೆದಿಡಿ, ಅದಕ್ಕೊಂದು ಬೆಲೆ ಕಟ್ಟಬೇಡಿ. 2024ರ ಸೇವಾ ಗುಣಮಟ್ಟದ ನಿಯಮದಲ್ಲಿ ದೂರಸಂಪರ್ಕ ನಿಯಂತ್ರಣ ಸಂಸ್ಥೆ ಟ್ರಾಯ್, ಮೊಬೈಲ್ ಕಂಪನಿಗಳು ಕವರೇಜ್ ನಕ್ಷೆಯನ್ನು ತಮ್ಮ ವೆಬ್‌ಸೈಟಿನಲ್ಲಿ ಹಾಕಬೇಕೆಂದು ಹೇಳಿದೆ. ನಾವು ಎಳೆದ ಗೆರೆಯನ್ನು ಈಗ ಹೊಲದಲ್ಲಿ ನಿಂತ ರೈತನೂ ತನ್ನ ಫೋನಿನ ಜೊತೆ ಹೋಲಿಸಿ ನೋಡುತ್ತಾನೆ.

ಎರಡನೆಯದು ಕೋಆರ್ಡಿನೇಟ್. ಜಿಪಿಎಸ್ ಕೊಡುವುದು ಇಪಿಎಸ್‌ಜಿ 4326 ಎಂಬ ಸಂಕೇತದ ಕೋಆರ್ಡಿನೇಟ್ ಪದ್ಧತಿಯಲ್ಲಿ, ಡಿಗ್ರಿ ಲೆಕ್ಕ. ಬಫರ್ (ಬಿಂದುವಿನ ಸುತ್ತ ಇಂತಿಷ್ಟು ದೂರದ ವಲಯ), ಗ್ರಿಡ್, ವಿಸ್ತೀರ್ಣ ಎಲ್ಲಕ್ಕೂ ಮೀಟರ್ ಬೇಕು. ಚಿತ್ರದುರ್ಗ, ದಾವಣಗೆರೆ ಎರಡೂ ಜಿಲ್ಲೆ ಮೀಟರ್ ಲೆಕ್ಕದ ಯುಟಿಎಂ ಪದ್ಧತಿಯ 43 ಉತ್ತರ ವಲಯದೊಳಗೇ ಬರುತ್ತವೆ, ಆದ್ದರಿಂದ ಆ ವಲಯದ ಸಂಕೇತ 32643ಕ್ಕೆ ಬದಲಾಯಿಸಿದ ಮೇಲೇ ಮುಂದಿನ ಕೆಲಸ. ಡಿಗ್ರಿ ಲೇಯರಿನಲ್ಲೇ 500 ಎಂದು ಬಫರ್ ಕೊಟ್ಟರೆ ಅದು 500 ಡಿಗ್ರಿ. ಸೈಟ್ (ಟವರ್ ಇರುವ ಜಾಗ) ಪಟ್ಟಿಯಲ್ಲಿ ಡಿಗ್ರಿ-ನಿಮಿಷ-ಸೆಕೆಂಡಿನ ಗೊಂದಲ ಇನ್ನೂ ಹೆಚ್ಚು: 14 ಡಿಗ್ರಿ 13 ನಿಮಿಷ 30 ಸೆಕೆಂಡ್ ಎಂದರೆ 14.2250, ಅದನ್ನೇ 14.1330 ಎಂದು ಟೈಪ್ ಮಾಡಿದರೆ ಟವರ್ ಸುಮಾರು 10 ಕಿ.ಮೀ. ದಕ್ಷಿಣಕ್ಕೆ ಸರಿಯುತ್ತದೆ. ಅಕ್ಷಾಂಶ ರೇಖಾಂಶ ಅದಲುಬದಲಾದರೆ ಪರವಾಗಿಲ್ಲ, ಟವರ್ ನಾರ್ವೆಯಾಚೆಯ ಕಡಲಿಗೆ ಹೋಗಿ ಬಿದ್ದಿರುತ್ತದೆ, ನೋಡಿದ ಕೂಡಲೇ ಗೊತ್ತಾಗುತ್ತದೆ. 10 ಕಿ.ಮೀ. ತಪ್ಪು ಯಾರ ಕಣ್ಣಿಗೂ ಬೀಳುವುದಿಲ್ಲ. ಪ್ರತಿ ಸೈಟನ್ನೂ ಉಪಗ್ರಹ ಚಿತ್ರದ ಮೇಲಿಟ್ಟು, ಟವರಿನ ನೆರಳು ಕಾಣುವವರೆಗೆ ಜೂಮ್ ಮಾಡಿ ನೋಡುವುದೊಂದೇ ದಾರಿ.

ಟವರ್ ಸುತ್ತ ಸುಮ್ಮನೆ ವೃತ್ತ ಎಳೆಯುವುದಾಗಲಿ, ವೊರೊನಾಯ್ ಪಾಲಿಗಾನ್ ಹಾಕುವುದಾಗಲಿ ಕವರೇಜ್ ಅಲ್ಲ. ವೊರೊನಾಯ್ ಹೇಳುವುದು ಯಾವ ಟವರ್ ಹತ್ತಿರ ಎಂಬುದನ್ನಷ್ಟೇ, ಯಾವುದು ತಲುಪುತ್ತದೆ ಎಂಬುದನ್ನಲ್ಲ. ಸಾಮಾನ್ಯ ಸೈಟಿನಲ್ಲಿ ಮೂರು ಸೆಕ್ಟರ್ (ಒಂದೊಂದೂ ಒಂದು ದಿಕ್ಕಿಗೆ ಮುಖ ಮಾಡಿದ್ದು), ಆಂಟೆನಾ ಕಿರಣದ ಅಗಲ ಹೆಚ್ಚಾಗಿ 65 ಡಿಗ್ರಿ. ಕ್ಯೂಜಿಐಎಸ್‌ನ ‘ಕ್ರಿಯೇಟ್ ವೆಡ್ಜ್ ಬಫರ್ಸ್’ಗೆ ಅಜಿಮತ್ (ಉತ್ತರದಿಂದ ಅಳೆದ ಆಂಟೆನಾ ದಿಕ್ಕು), ಅಗಲ, ತ್ರಿಜ್ಯ ಕೊಟ್ಟರೆ ಸೆಕ್ಟರುಗಳು ಬೀಸಣಿಗೆಯ ಹಾಗೆ ಬಿಚ್ಚಿಕೊಳ್ಳುತ್ತವೆ. ಇದನ್ನು ಕವರೇಜ್ ಎಂದು ತೋರಿಸಲು ಬಳಸಬೇಡಿ, ತಪಾಸಣೆಗೆ ಬಳಸಿ. ಲಾಗಿನಲ್ಲಿರುವ ಇಸಿಐ (4ಜಿ ಸೆಲ್ಲಿನ ಗುರುತು) ಸಂಖ್ಯೆಯನ್ನು 256ರಿಂದ ಭಾಗಿಸಿದರೆ ಭಾಗಲಬ್ಧ ಸೈಟಿನ ಸಂಖ್ಯೆ, ಶೇಷ ಸೆಲ್ಲಿನ, ಅಂದರೆ ಸೆಕ್ಟರಿನ, ಸಂಖ್ಯೆ: 51200258 ಇದ್ದರೆ ಸೈಟ್ 200001, ಸೆಲ್ 2. ಎರಡನೇ ಸೆಲ್ಲಿನ ಬಿಂದುಗಳೆಲ್ಲ ಮೊದಲ ಸೆಕ್ಟರಿನ ಬೀಸಣಿಗೆಯಲ್ಲಿ, ಮೊದಲನೆಯದು ಎರಡನೆಯದರಲ್ಲಿ ಬಿದ್ದಿದ್ದರೆ ಟವರಿನ ಮೇಲೆ ಕೇಬಲ್ ಅದಲುಬದಲಾಗಿರಬೇಕು, ಇಲ್ಲವೇ ಸೈಟ್ ಪಟ್ಟಿಯಲ್ಲಿ ಅಜಿಮತ್ ತಪ್ಪಾಗಿರಬೇಕು. ಅಜಿಮತ್ ಅಳೆಯುವವರು ಟವರಿನ ಕಬ್ಬಿಣಕ್ಕೆ ಅಂಟಿಕೊಂಡು ನಿಂತು ದಿಕ್ಸೂಚಿ ನೋಡಿದ್ದರೂ ಹೀಗೇ ಆಗುತ್ತದೆ. ಹತ್ತಿಪ್ಪತ್ತು ಮೀಟರ್ ಹಿಂದೆ ಸರಿದು ನೋಡಬೇಕು.

ನಮ್ಮ ಕಡೆಯ ನೆಲ ಈ ಕೆಲಸಕ್ಕೆ ಸುಲಭದ್ದಲ್ಲ. ಹರಿಹರ, ದಾವಣಗೆರೆಯ ಬಯಲಿನಲ್ಲಿ ಲೆಕ್ಕ ಬಹುಮಟ್ಟಿಗೆ ಕೂಡಿಬರುತ್ತದೆ. ಚಿತ್ರದುರ್ಗ, ಹೊಳಲ್ಕೆರೆ, ಮೊಳಕಾಲ್ಮೂರಿನ ಗುಡ್ಡಗಳ ನಡುವೆ ಬರುವುದಿಲ್ಲ. ಬಯಲಿನಲ್ಲಿ 40 ಮೀಟರ್ ಎತ್ತರದ ಆಂಟೆನಾ 4 ಡಿಗ್ರಿ ಕೆಳಗೆ ಬಾಗಿದ್ದರೆ ಕಿರಣದ ನಡುಭಾಗ ಸುಮಾರು 570 ಮೀಟರಿನಲ್ಲಿ ನೆಲ ಮುಟ್ಟುತ್ತದೆ. ಅದೇ ಟವರನ್ನು 120 ಮೀಟರ್ ಗುಡ್ಡದ ಮೇಲೆ ನಿಲ್ಲಿಸಿ, ಅದೇ ಬಾಗು ಉಳಿಸಿದರೆ ನೆಲ ಮುಟ್ಟುವುದು 2.3 ಕಿ.ಮೀ. ಆಚೆ. ಗುಡ್ಡದ ಬುಡದ ಊರಿನವರು ತಲೆ ಎತ್ತಿದರೆ ಟವರ್ ಕಾಣುತ್ತದೆ, ಫೋನಿನಲ್ಲಿ ಕಡ್ಡಿ ಕಾಣುವುದಿಲ್ಲ. ದೀಪದ ಬುಡದಲ್ಲಿ ಕತ್ತಲೆ ಎನ್ನುವುದು ಇಲ್ಲಿ ಅಕ್ಷರಶಃ ನಿಜ. ದೂರವನ್ನಷ್ಟೇ ನೋಡಿ ಎಳೆದ ನಕ್ಷೆಯಲ್ಲಿ ಆ ಊರೇ ಎಲ್ಲಕ್ಕಿಂತ ಹಸಿರು.

ನೆರಳು (ಗುಡ್ಡ ಅಡ್ಡ ಬಂದು ಟವರ್ ಕಾಣದ ಜಾಗ) ಹುಡುಕಲು ಗ್ರಾಸ್ ಎಂಬ ನಕ್ಷೆ ತಂತ್ರಾಂಶದ ಆರ್.ವ್ಯೂಶೆಡ್ ಸಾಕು. ಟವರ್ ಎತ್ತರ 40, ಫೋನಿನ ಎತ್ತರ 1.5 ಮೀಟರ್. ವಕ್ರೀಭವನದ (ಗಾಳಿಯಲ್ಲಿ ಅಲೆ ಬಾಗುವ) ಗುಣಾಂಕ ಮೊದಲೇ ಸುಮಾರು 0.14 ಎಂದು ಇರುತ್ತದೆ, ಅದು ಬೆಳಕಿಗೆ. ರೇಡಿಯೋ ಅಲೆಗೆ 0.25 ಕೊಡಿ. 5 ಕಿ.ಮೀ. ಒಳಗೆ ಭೂಮಿಯ ಬಾಗು ಎರಡೇ ಮೀಟರ್, ಹೆಚ್ಚು ತಲೆಕೆಡಿಸಿಕೊಳ್ಳಬೇಕಿಲ್ಲ, 10 ಕಿ.ಮೀ.ಗೆ ಸುಮಾರು 8 ಮೀಟರ್ ಆಗುತ್ತದೆ. ಆದರೆ ಟವರ್ ಕಣ್ಣಿಗೆ ಕಂಡ ಮಾತ್ರಕ್ಕೆ ಸಿಗ್ನಲ್ ಪೂರ್ತಿ ಬರುತ್ತದೆ ಎಂದಲ್ಲ. ಗುಡ್ಡದ ತುದಿ ಆ ನೋಟದ ಗೆರೆಗೆ ಬರೀ ತಾಗಿದರೂ 6 ಡಿಬಿ ಕಳೆದುಹೋಗುತ್ತದೆ. 5 ಕಿ.ಮೀ. ದಾರಿಯ ನಟ್ಟನಡುವೆ 900 ಮೆಗಾಹರ್ಟ್ಸ್‌ಗೆ ಗೆರೆಯ ಸುತ್ತ 20 ಮೀಟರ್, 1800ಕ್ಕೆ 14 ಮೀಟರ್ ಜಾಗ ತೆರವಾಗಿರಬೇಕು.

ಎತ್ತರದ ಡೇಟಾದ ವಯಸ್ಸನ್ನೂ ಗಮನಿಸಿ. ಬಾಹ್ಯಾಕಾಶದಿಂದ ನೆಲದ ಎತ್ತರ ಅಳೆದ ಎಸ್‌ಆರ್‌ಟಿಎಂ ಅಳತೆ ನಡೆದದ್ದು 2000ದ ಫೆಬ್ರವರಿಯಲ್ಲಿ. ಆಮೇಲೆ ಗಣಿಗಾರಿಕೆ ಅಗೆದ ಗುಡ್ಡ, ಏರಿಸಿದ ಮಣ್ಣಿನ ದಿಬ್ಬ ಅದರಲ್ಲಿಲ್ಲ. 30 ಮೀಟರಿನ ಪಿಕ್ಸೆಲ್‌ಗೆ ಚಿತ್ರದುರ್ಗದ ಕೋಟೆ ಸುತ್ತಲಿನ ಹೆಬ್ಬಂಡೆಗಳು ಬಿಡಿಬಿಡಿಯಾಗಿ ಕಾಣುವುದೂ ಇಲ್ಲ. ಹೊಳಲ್ಕೆರೆ, ಚನ್ನಗಿರಿಯ ಅಡಿಕೆ ತೋಟದೊಳಗೆ ಸಿಗ್ನಲ್ ಎಷ್ಟು ಇಳಿಯುತ್ತದೆ ಎಂಬುದನ್ನು ನಡೆದುಕೊಂಡು ಹೋಗಿಯೇ ಅಳೆಯಬೇಕು.

ಬಿಂದುಗಳಿಂದ ಗಡಿಗೆ ಬರುವಾಗ 100 ಮೀಟರ್ ಗ್ರಿಡ್ ಹಾಕಿ. ಒಂದು ಚೌಕ ಒಂದು ಹೆಕ್ಟೇರ್, ಅಂದರೆ ಎರಡೂವರೆ ಎಕರೆ. ಹಳ್ಳಿಯವರಿಗೂ ಹೇಳಿ ಅರ್ಥಮಾಡಿಸಬಹುದಾದ ಅಳತೆ. ಸೆಕೆಂಡಿಗೊಂದು ಸ್ಯಾಂಪಲ್ ಬರೆದು 60 ಕಿ.ಮೀ. ವೇಗದಲ್ಲಿ ಹೋದರೆ ಚೌಕಕ್ಕೆ ಆರೇ ಬಿಂದು ಸಿಗುತ್ತವೆ, 30ರಲ್ಲಿ ಹನ್ನೆರಡು. ಐದಕ್ಕಿಂತ ಕಡಿಮೆ ಇರುವ ಚೌಕವನ್ನು ‘ಅಳೆದಿಲ್ಲ’ ಎಂದು ಬಿಡಿ. ಚೌಕದ ಬೆಲೆಗೆ ಮೀಡಿಯನ್ (ಕ್ರಮವಾಗಿ ಜೋಡಿಸಿದಾಗ ನಟ್ಟನಡುವೆ ಬರುವ ಬೆಲೆ) ತೆಗೆದುಕೊಳ್ಳಿ. ಡಿಬಿಎಂ ಲಾಗರಿದಮ್ ಅಳತೆಯಾದ್ದರಿಂದ ಸರಾಸರಿ ಮೋಸ ಮಾಡುತ್ತದೆ: -90 ಮತ್ತು -110ರ ಸರಾಸರಿ ನೇರ ಲೆಕ್ಕದಲ್ಲಿ -100, ಮಿಲಿವಾಟ್‌ಗೆ ತಿರುಗಿಸಿ ಮಾಡಿದರೆ -93. ಶೇಕಡಾವಾರು ಲೆಕ್ಕ ಹೇಳುವಾಗ ಚೌಕಗಳನ್ನು ಎಣಿಸಿ, ಬಿಂದುಗಳನ್ನಲ್ಲ. ರೈಲ್ವೆ ಗೇಟಿನಲ್ಲಿ ಗಾಡಿ ಹತ್ತು ನಿಮಿಷ ನಿಂತರೆ ಒಂದೇ ಜಾಗದ 600 ಬಿಂದು ಸೇರಿಕೊಂಡು ಇಡೀ ತಾಲ್ಲೂಕಿನ ಲೆಕ್ಕವನ್ನೇ ವಾಲಿಸುತ್ತವೆ.

ರಸ್ತೆಯಿಂದ 200 ಮೀಟರ್ ಆಚೆಗೆ ಇಂಟರ್‌ಪೊಲೇಶನ್ ಒಯ್ಯಬೇಡಿ. ಅದರಾಚೆಗಿನದು ಮಾಡೆಲ್ ಅಂದಾಜು. ಅದಕ್ಕೆ ಬೇರೆ ಲೇಯರ್, ಗೆರೆ ಹಾಕಿದ ತಿಳಿಬಣ್ಣ. ಅಳೆದದ್ದೂ ಅಂದಾಜೂ ಒಂದೇ ಹಸಿರಿನಲ್ಲಿ ಕಲೆತರೆ ಆ ನಕ್ಷೆಯನ್ನು ನಂಬಲು ಆಧಾರವೇ ಉಳಿಯುವುದಿಲ್ಲ.

ರಾಸ್ಟರನ್ನು (ಚೌಕಗಳ ಈ ನಕ್ಷೆ) -95, -105, -115 ಎಂದು ವರ್ಗ ಮಾಡಿ ಪಾಲಿಗನೈಸ್ ಮಾಡುವ (ಚೌಕಗಳನ್ನು ಗಡಿಗೆರೆಯ ಆಕಾರಗಳಾಗಿಸುವ) ಮುಂಚೆ ಎಲ್ಲರೂ ಸೀವ್ ಓಡಿಸುತ್ತಾರೆ, ಚಿಲ್ಲರೆ ಚುಕ್ಕೆಗಳು ಹೋಗಲಿ ಎಂದು. ಸೀವ್ ಸಣ್ಣ ತುಂಡನ್ನು ಪಕ್ಕದ ದೊಡ್ಡ ತುಂಡಿಗೆ ಸೇರಿಸಿಬಿಡುತ್ತದೆ. ನಮ್ಮ ಜಿಲ್ಲೆಗಳ ಗೊಲ್ಲರಹಟ್ಟಿ, ತಾಂಡಾಗಳಲ್ಲಿ ಎಷ್ಟೋ ಇಂಥ ನಾಲ್ಕೈದು ಚೌಕದೊಳಗೇ ಮುಗಿಯುತ್ತವೆ. ಐದು ಪಿಕ್ಸೆಲ್ ಮಿತಿ ಕೊಟ್ಟರೆ ಸಿಗ್ನಲ್ ಇಲ್ಲದ ಹಟ್ಟಿ ಸದ್ದಿಲ್ಲದೆ ಅಳಿಸಿಹೋಗುತ್ತದೆ. ಸಿಗ್ನಲ್ ವರ್ಗಗಳಿಗೆ ಮಾತ್ರ ಸೀವ್ ಮಾಡಿ, ‘ಸೇವೆ ಇಲ್ಲ’ ಚೌಕಗಳನ್ನು ಕೊನೆಯಲ್ಲಿ ಮೇಲಿನಿಂದ ಹಾಗೇ ಕೂರಿಸಿ. ಅಂಚು ನಯ ಮಾಡಲು ಗ್ರಾಸ್‌ನ ವಿ.ಜನರಲೈಸ್ ಒಳ್ಳೆಯದು, ಅಕ್ಕಪಕ್ಕದ ಪಾಲಿಗಾನುಗಳ ನಡುವಿನ ಗೆರೆ ಅದರಲ್ಲಿ ಒಂದೇ ಇರುವುದರಿಂದ ಸಂದು ಬಿಡುವುದಿಲ್ಲ.

ಫೈಲ್ ಉಳಿಸುವುದು ಜಿಯೋಪ್ಯಾಕೇಜ್ ಮಾದರಿಯಲ್ಲಿ. ಶೇಪ್‌ಫೈಲಿನಲ್ಲಿ ಕಾಲಂ ಹೆಸರಿಗೆ ಹತ್ತು ಬೈಟ್ ಮಿತಿ, ಕನ್ನಡದ ಒಂದೊಂದು ಅಕ್ಷರ ಸಂಕೇತಕ್ಕೂ ಮೂರು ಬೈಟ್. ‘ಗ್ರಾಮದ ಹೆಸರು’ ಎಂದು ಬರೆದರೆ ‘ಗ್ರ’ ಮಾತ್ರ ಉಳಿಯುತ್ತದೆ. ಹಳೆಯ ಜಿಲ್ಲಾ ಗಡಿಯ ಫೈಲ್ ಬಳಸುವವರು ಹರಪನಹಳ್ಳಿ ನೋಡಿಕೊಳ್ಳಿ: ಅದು 2018ರಲ್ಲಿ ದಾವಣಗೆರೆಯಿಂದ ಬಳ್ಳಾರಿಗೆ ಹೋಗಿ, ಈಗ ವಿಜಯನಗರ ಜಿಲ್ಲೆಯಲ್ಲಿದೆ. ಊರಿಗೆ ಸಿಗ್ನಲ್ ಇದೆಯೇ ಎಂಬುದನ್ನು ಕಂದಾಯ ಗ್ರಾಮದ ನಡುಬಿಂದುವಿನಿಂದ ತೀರ್ಮಾನಿಸಬೇಡಿ, ಆ ಬಿಂದು ಎಷ್ಟೋ ಸಲ ಕೆರೆಯಲ್ಲೋ ಹೊಲದಲ್ಲೋ ಇರುತ್ತದೆ. ಮಜರೆಗಳನ್ನೂ ಸೇರಿಸಿ, ಮನೆಗಳಿರುವ ಚೌಕಗಳನ್ನಷ್ಟೇ ಲೆಕ್ಕಕ್ಕೆ ಹಿಡಿಯಿರಿ. ಪ್ರತಿ ಪಾಲಿಗಾನಿಗೂ ಎಷ್ಟು ಡಿಬಿಎಂ ಗಡಿ, ಯಾವ ಬ್ಯಾಂಡ್, ಅಳೆದ ದಿನ, ಫೋನ್ ಗಾಡಿಯೊಳಗಿತ್ತೋ ಹೊರಗಿತ್ತೋ ಎಂಬ ನಾಲ್ಕು ಕಾಲಂ ಇರಲೇಬೇಕು. ಬಯಲಿನಲ್ಲಿ -105 ಇದ್ದದ್ದು ಆರ್‌ಸಿಸಿ ಮನೆಯೊಳಗೆ ಹತ್ತಿಪ್ಪತ್ತು ಡಿಬಿ ಕೆಳಗಿಳಿಯಬಹುದು.

ಮೊಳಕಾಲ್ಮೂರು, ಚಳ್ಳಕೆರೆಯ ಪೂರ್ವದ ಅಂಚಿನಲ್ಲಿ ‘ಸೇವೆ’ ಕಾಲಂಗೆ ಇನ್ನೊಂದು ಬೆಲೆ ಬೇಕು. ಅಲ್ಲಿ ಫೋನ್ ರಾಯದುರ್ಗದ ಕಡೆಯ ಟವರನ್ನು ಹಿಡಿಯುತ್ತದೆ, ಆರ್‌ಎಸ್‌ಆರ್‌ಪಿಯೂ ಚೆನ್ನಾಗಿಯೇ ಬರುತ್ತದೆ, ಆದರೆ ಅದು ಆಂಧ್ರ ಸರ್ಕಲ್ಲಿನದು (ಟೆಲಿಕಾಂ ಸೇವಾ ವಲಯ). ಏರ್‌ಟೆಲ್ ಆದರೆ ನೆಟ್‌ವರ್ಕ್ ಸಂಕೇತ ಕರ್ನಾಟಕಕ್ಕೆ 404-45, ಆಂಧ್ರಕ್ಕೆ 404-49. ಸ್ವಂತ ನೆಟ್‌ವರ್ಕ್ ಪೂರ್ತಿ ಇಲ್ಲದ ಕಡೆ ಫೋನ್ ಬೇರೆ ಕಂಪನಿಯ ಸೆಲ್ಲಿಗೆ ತುರ್ತು ಕರೆಗೆಂದು ಅಂಟಿಕೊಂಡು, ಕೆಲವು ಆ್ಯಪ್‌ಗಳು ಅದರ ಬಲವನ್ನೇ ಬರೆದಿಡುವುದೂ ಉಂಟು. ಎಂಎನ್‌ಸಿ (ಆ ಸಂಕೇತದ ಕೊನೆಯ ಎರಡಂಕಿ) ಕಾಲಂ ನೋಡಿ, ಪಕ್ಕದ ಸರ್ಕಲ್ ಆದರೆ 2, ಬೇರೆ ಕಂಪನಿ ಆದರೆ 0 ಎಂದು ತಿದ್ದಿ, ಆಮೇಲೆ ಗ್ರಿಡ್ ಓಡಿಸಿ.